ತಗ್ಗಿನಕೇರಿಯ ಖಾನೆ

ನಮ್ಮೂರಿನ ಏಳು ಕೇರಿಗಳಲ್ಲಿ ತಗ್ಗಿನಕೇರಿ ಹೋದದ್ದು ಒಂದು ಗುರುವಾರ, ಸುಗ್ಗಿಗೆ ಇನ್ನೂ ಹದಿನೈದು ದಿನವಿರುವಾಗ. ಬೆಳಿಗ್ಗೆ ಹಾಲು ಹಾಕಲು ಹೊರಟ ಹೆಂಗಸು ಮಳೆಕೇರಿಯ ಕೊನೆಯ ಮನೆ ದಾಟಿ ಎಂದಿನಂತೆ ಎಡಕ್ಕೆ ತಿರುಗಲು ಹೋದಳು. ಅಲ್ಲಿ ತಿರುವೇ ಇರಲಿಲ್ಲ. ಮಳೆಕೇರಿಯ ಕೊನೆಯ ಮನೆಯ ಗೋಡೆಗೆ ಬಿಸಿಲಕೇರಿಯ ಮೊದಲ ಮನೆಯ ಗೋಡೆ ಅಂಟಿಕೊಂಡಿತ್ತು, ನಡುವೆ ಕೈ ತೂರುವಷ್ಟೂ ಸಂದಿಲ್ಲ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳಂತೆ. ಆಮೇಲೆ ಹಾಲು ಕೆಟ್ಟೀತೆಂದು ಬಿಸಿಲಕೇರಿಗೆ ಹೋಗಿ ಹಾಕಿ ಬಂದಳು. ಅರವತ್ತೆರಡು ಮನೆ, ಎರಡು ಬಾವಿ, ಒಂದು ಹಿಟ್ಟಿನ ಗಿರಣಿ, ಬೀಜ ಪರೀಕ್ಷೆಯ ಹೊಲದಲ್ಲಿ ತೆನೆ ಹೊತ್ತು ನಿಂತಿದ್ದ ಜೋಳ, ಎಲ್ಲವೂ ಹೋಗಿದ್ದವು. ಅದರೊಳಗೆ ನನ್ನ ಮಗಳು ನೀಲವ್ವನೂ ಇದ್ದಳು.

ನೀಲಿಗೆ ಆಗ ಏಳು ವರ್ಷ. ಅವಳ ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಸೋದರತ್ತೆಯ ಮನೆಗೆ ಸೀತನಿ ತಿನ್ನಲು ಹೋಗಿದ್ದಳು. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಯಿರುವಾಗಲೇ ಬೆಲ್ಲದ ಜೊತೆ ತಿನ್ನುವುದು ಎಲ್ಲ ಕೇರಿಯಲ್ಲೂ ಉಂಟು. ಆದರೆ ತಗ್ಗಿನಕೇರಿಯ ಮೂಗುಬೊಟ್ಟು ಜೋಳದ ಸೀತನಿ ಅಂದರೆ ಹಲ್ಲಿಲ್ಲದವರೂ ಹೊರಟು ನಿಲ್ಲುತ್ತಿದ್ದರು. "ನಾಕ ದಿನ ಇದ್ದು ಬಾ" ಎಂದು ನಾನೇ ಕಳಿಸಿದ್ದೆ. ಅವಳು ಎರಡು ದಿನ ಸಾಕು ಎಂದಿದ್ದಳು. ಈ ಒಂದು ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ನಮ್ಮೂರಿನಲ್ಲಿ ಕೇರಿಗೊಂದು ಆಕಾಶ. ಮಳೆಕೇರಿಯಲ್ಲಿ ಒಗೆದ ಬಟ್ಟೆಯನ್ನು ಬಿಸಿಲಕೇರಿಯಲ್ಲಿ ಒಣಗಿಸುತ್ತಾರೆ. ಬಳೆಗಾರ ಒಂದೇ ಸುತ್ತಿನಲ್ಲಿ ಮೂರು ಸಲ ಕೊಡೆ ಬಿಚ್ಚಿ ಮಡಚುತ್ತಾನೆ. ಹೆಣ್ಣು ಕೊಡುವವರು ಜಾತಕ ಕೇಳುತ್ತಾರೋ ಇಲ್ಲವೋ, ಹುಡುಗ ಯಾವ ಕೇರಿಯವನೆಂದು ಮೊದಲು ಕೇಳುತ್ತಾರೆ. ಇಬ್ಬನಿಕೇರಿಯಲ್ಲಿ ಹುಟ್ಟಿದವಳಿಗೆ ಕಲ್ಲಕೇರಿಯ ಸೆಕೆ ಒಗ್ಗದೆ ತಿರುಗಿ ಬಂದ ಉದಾಹರಣೆಗಳು ಬೇಕಾದಷ್ಟಿವೆ. ಹೀಗಿರುವಾಗ ಎಲ್ಲರಿಗೂ ಒಪ್ಪುವ ಒಂದು ಜೋಳ ಎಲ್ಲಿಂದ ಬರಬೇಕು? ಬಿಸಿಲಕೇರಿಯಲ್ಲಿ ಆಳೆತ್ತರ ಬೆಳೆದು ಮೆರೆಯುವ ಜೋಳ ಗಾಳಿಕೇರಿಯಲ್ಲಿ ಮಕಾಡೆ ಮಲಗುತ್ತದೆ. ಮಬ್ಬಿನಕೇರಿಯಲ್ಲಿ ಕಾಳು ತುಂಬುವುದು ಮಳೆಕೇರಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಅದಕ್ಕೇ ನಮ್ಮಲ್ಲಿ ಬೀಜದ ಚಾವಡಿ ಇದೆ. ಊರಿನ ಬೀಜ ಇಡಲು ಕಲ್ಲುನೆಲದಲ್ಲಿ ಕೊರೆದ ಹನ್ನೊಂದು ಹಗೇವು, ಹನ್ನೆರಡನೆಯದನ್ನು ತೋಡಲು ಬಂಡೆ ಬಿಡಲಿಲ್ಲ. ಹನ್ನೊಂದು ಹಗೇವಿಗೆ ಹನ್ನೊಂದು ಜೋಳ. ಪ್ರತಿವರ್ಷ ಈ ಹನ್ನೊಂದರ ಜೊತೆಗೆ ಒಂದು ಹೊಸ ಜೋಳವನ್ನೂ ಸೇರಿಸಿ ಏಳೂ ಕೇರಿಯ ಪರೀಕ್ಷೆಯ ಹೊಲದಲ್ಲಿ ಒಂದೇ ಅಳತೆಯ ಪಟ್ಟಿಗಳಲ್ಲಿ ಬಿತ್ತುತ್ತೇವೆ. ಸುಗ್ಗಿಯಾದ ಮೇಲೆ ತೂಗಿ ದಫ್ತರಕ್ಕೆ ಹತ್ತಿಸುತ್ತೇವೆ: ಒಂದೊಂದು ಜೋಳಕ್ಕೆ ಒಂದು ಅಡ್ಡಸಾಲು, ಒಂದೊಂದು ಕೇರಿಗೆ ಒಂದು ಖಾನೆ. ಏಳೂ ಖಾನೆಯ ಸರಾಸರಿ ಯಾವ ಜೋಳಕ್ಕೆ ತೀರ ಕಡಿಮೆಯೋ ಅದು ಹೊರಗೆ. ಹೊರಬಿದ್ದ ಜೋಳವನ್ನು ಅಂದೇ ಬೀಸಿ ರೊಟ್ಟಿ ತಟ್ಟಿ ಊರೆಲ್ಲ ತಿನ್ನುತ್ತದೆ. ಈ ದಫ್ತರ ಬರೆಯುವವಳು ನಾನು, ಕಾಶವ್ವ. ನನಗಿಂತ ಮುಂಚೆ ನಮ್ಮಪ್ಪ ಬರೆಯುತ್ತಿದ್ದ. ಲೆಕ್ಕದಲ್ಲಿ ತಪ್ಪಿದರೆ ಊರು ಹಸಿಯುತ್ತದೆ ಎಂದು ಹೇಳಿ ಹೇಳಿಯೇ ನನಗೆ ಲೆಕ್ಕ ಕಲಿಸಿದ್ದ.

ಕೇರಿ ಹೋಗುವುದು ನಮಗೆ ತೀರ ಹೊಸದೇನಲ್ಲ. ನಮ್ಮ ಮುತ್ತಜ್ಜಿಯ ಕಾಲಕ್ಕೆ ಕಲ್ಲಕೇರಿ ಹೋಗಿ ಒಂಬತ್ತನೆಯ ವರ್ಷಕ್ಕೆ ಬಂದಿತ್ತಂತೆ. ಅಷ್ಟರಲ್ಲಿ ಕಲ್ಲಕೇರಿಗೆ ಒಗ್ಗುವ ಜೋಳವನ್ನು ಊರಿನವರು ಸರಾಸರಿ ಬರಲಿಲ್ಲವೆಂದು ಬೀಸಿ ತಿಂದಾಗಿತ್ತು. ಬಂದವರ ಕಾಳಿಗೆ ಹುಳ ಬಿದ್ದಿತ್ತು. ಎರಡು ವರ್ಷ ಅವರ ಹೊಲದಲ್ಲಿ ಏನೂ ಏಳಲಿಲ್ಲ. ಆಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರು: ಹೋದ ಕೇರಿಯ ಖಾನೆ ತೆಗೆಯಬಾರದು, ಅದರಲ್ಲಿ ಅಂದಾಜು ಬರೆಯಬೇಕು. ಕೊನೆಯ ಸಲ ತೂಗಿದ ಅಂಕಿಯಿಂದ ಶುರುಮಾಡಿ ವರ್ಷಕ್ಕೊಂದು ಸೇರು ಇಳಿಸುತ್ತ ಬರಬೇಕು. ನೆನಪು ಹಳೆಯದಾದಷ್ಟೂ ಅದರ ಮಾತಿಗೆ ತೂಕ ಕಡಿಮೆಯಾಗಬೇಕಲ್ಲ. ಖಾನೆ ಇರುವವರೆಗೂ ಹೋದವರು ಊರಿನ ಲೆಕ್ಕದಲ್ಲಿ ಬದುಕಿದವರು. ಹಬ್ಬದ ದಿನ ಅವರ ಪಾಲಿನ ಎಲೆ ಹಾಕುತ್ತೇವೆ. ಪಡ್ಡೆ ಹುಡುಗರು ತಗ್ಗಿನಕೇರಿಯವರಿಗೆ "ಲೆಕ್ಕಕ್ಕುಂಟು ಆಟಕ್ಕಿಲ್ಲ" ಎಂದು ಹೆಸರಿಟ್ಟಿದ್ದರು. ನನ್ನೆದುರು ಮಾತ್ರ ಅನ್ನುತ್ತಿರಲಿಲ್ಲ.

ಮೂಗುಬೊಟ್ಟು ಬೇರೆ ಆರು ಕೇರಿಯಲ್ಲಿ ನಾಲ್ಕು ಸೇರಿನ ಮೇಲೆ ಹತ್ತಿದ್ದೇ ಇಲ್ಲ. ನೋಡಿದವರು ಇದನ್ನೂ ಜೋಳ ಅಂತಾರಾ ಎಂದು ನಗಬೇಕು, ಹಾಗಿತ್ತು. ತಗ್ಗಿನಕೇರಿಯಲ್ಲಿ ಮಾತ್ರ ಇಪ್ಪತ್ತೆರಡು. ಆ ಒಂದು ಖಾನೆಯ ಬಲದ ಮೇಲೆ ಅದು ತನ್ನ ಹಗೇವು ಉಳಿಸಿಕೊಂಡಿತ್ತು. ಈಗ ಆ ಖಾನೆಯೇ ಅಂದಾಜಿನದಾಯಿತು.

ಮೊದಲ ವರ್ಷವೇ ಒಂದು ಮಾತು ಬಂತು. ಚಾವಡಿಯ ಹಿರಿಯ ಅಡಿವೆಪ್ಪನವರು ಎಮ್ಮೆ ಲೆಕ್ಕ ಮಾಡಿದರೆ ಹೇಗೆ ಎಂದರು. ಯಾವುದೋ ಪಟ್ಟಿಯನ್ನು ಎಮ್ಮೆ ಮೇಯ್ದುಬಿಟ್ಟಾಗ ಮಾಡುವ ಲೆಕ್ಕ ಅದು: ಆ ಜೋಳ ಉಳಿದ ಕೇರಿಗಳಲ್ಲಿ ಎಷ್ಟು ಕೊಟ್ಟಿದೆ ನೋಡು, ಎಮ್ಮೆ ಮೇಯ್ದ ಕೇರಿ ಊರಿನ ಸರಾಸರಿಗಿಂತ ಎಷ್ಟು ಮೇಲೋ ಕೆಳಗೋ ನೋಡು, ಅಷ್ಟು ಕೂಡಿಸು ಇಲ್ಲವೇ ಕಳೆ. ಒಂದು ಪಟ್ಟಿಗೆ ಅದು ಸಾಕು. ನಾನು ಮಾಡಿ ತೋರಿಸಿದೆ. ತಗ್ಗಿನಕೇರಿಯಲ್ಲಿ ಮೂಗುಬೊಟ್ಟು ಐದು ಸೇರು ಎಂದು ಬಂತು. ಅಲ್ಲಿ ಕೂತವರೆಲ್ಲ ಆ ಕೇರಿಯಲ್ಲಿ ಮೂಗುಬೊಟ್ಟಿನ ರಾಶಿ ನೋಡಿದ್ದವರೇ. ಇಲ್ಲದವರ ಪರವಾಗಿ ಇರುವವರು ಮಾತಾಡಿದರೆ ತಮ್ಮ ಮಾತನ್ನೇ ಆಡುತ್ತಾರೆ. ಅವರಲ್ಲಿ ಮಾತ್ರ ಇದ್ದದ್ದು ಏನೋ, ಅದು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಅಡಿವೆಪ್ಪನವರು ಹಳೆಯ ಕಟ್ಟಳೆಯೇ ಇರಲಿ ಎಂದರು. ನಾನು ಇಪ್ಪತ್ತೆರಡು ಎಂದು ಬರೆದೆ.

ಆದರೆ ನೀಲಿಯ ವಿಷಯದಲ್ಲಿ ನಾನೂ ಎಮ್ಮೆ ಲೆಕ್ಕವನ್ನೇ ಮಾಡುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ವರ್ಷಕ್ಕೊಮ್ಮೆ ಅವಳ ವಯಸ್ಸಿನ ಹುಡುಗಿಯರನ್ನು ಕರೆದು ಚಾವಡಿಯ ಕಂಬಕ್ಕೆ ನಿಲ್ಲಿಸಿ ಅಳೆಯುತ್ತಿದ್ದೆ. ನಮ್ಮ ಮನೆತನದವರು ಊರಿನವರಿಗಿಂತ ಎರಡು ಬೆರಳು ಗಿಡ್ಡ, ಅದನ್ನು ಕಳೆಯುತ್ತಿದ್ದೆ. ತಗ್ಗಿನಕೇರಿಯವರು ಒಂದು ಬೆರಳು ಎತ್ತರ, ಅದನ್ನು ಕೂಡಿಸುತ್ತಿದ್ದೆ. ಬಂದ ಅಂಕಿಯನ್ನು ದಫ್ತರದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಎಂಟಕ್ಕೆ ಇಷ್ಟು, ಒಂಬತ್ತಕ್ಕೆ ಇಷ್ಟು. ಇಷ್ಟೊತ್ತಿಗೆ ಮುಂದಿನ ಹಲ್ಲು ಬಂದಿರಬೇಕು, ಇಷ್ಟೊತ್ತಿಗೆ ಮೈನೆರೆದಿರಬೇಕು ಎಂದು ಪಕ್ಕದಲ್ಲಿ ಬರೆಯುತ್ತಿದ್ದೆ. ಹೀಗೆ ಬರೆದ ಹುಡುಗಿ ಊರಿನ ಎಲ್ಲ ಹುಡುಗಿಯರ ಹಾಗೂ ಇದ್ದಳು, ಯಾರ ಹಾಗೂ ಇರಲಿಲ್ಲ. ಅವಳು ನಗುವಾಗ ಏನು ಮಾಡುತ್ತಾಳೆ ಎಂದು ಕೇಳಿಕೊಂಡರೆ ನನಗೆ ಏಳು ವರ್ಷದ ನೀಲಿ ಮೂಗು ಮುದುರುವುದು ಮಾತ್ರ ಕಾಣುತ್ತಿತ್ತು. ನನಗೆ ಬೇಕಾಗಿದ್ದುದು ಅಂಕಿಯಲ್ಲ, ನನ್ನ ಮಗಳು.

ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು. ನಾಲ್ಕು ವರ್ಷ ಮೂಗುಬೊಟ್ಟು ಕಷ್ಟಪಟ್ಟು ನಿಂತಿತು. ಐದನೆಯ ವರ್ಷ ಹದಿನೆಂಟು ಬರೆಯಬೇಕಿತ್ತು. ಬರೆದರೆ ಅದೇ ಕಡೆಯ ಸಾಲಿಗೆ ಬೀಳುತ್ತಿತ್ತು. ಮೂಗುಬೊಟ್ಟು ಹೋದ ಮೇಲೆ ತಗ್ಗಿನಕೇರಿಯ ಖಾನೆಯಲ್ಲಿ ಅಂದಾಜು ಬರೆಯಲು ಯಾರಿಗೆ ಮನಸ್ಸಿರುತ್ತದೆ? ಖಾನೆ ಹೋದರೆ ನೀಲಿ ಹೋದಳು. ನಾನು ಲೇಖಣಿ ಅದ್ದಿ ಹತ್ತೊಂಬತ್ತು ಎಂದು ಬರೆದೆ. ಮಸಿ ಆರಲು ಬಿಟ್ಟು ಮುಂದಿನ ಸಾಲಿಗೆ ಹೋದೆ. ಅದೇ ನನಗೆ ಈಗಲೂ ಆಶ್ಚರ್ಯ. ಮರುವರ್ಷ ಇಪ್ಪತ್ತು ಬರೆದೆ, ಅದರ ಮರುವರ್ಷ ಮತ್ತೆ ಹತ್ತೊಂಬತ್ತು. ನಮ್ಮಪ್ಪ ಕಲಿಸಿದ ಲೆಕ್ಕವನ್ನು ನಮ್ಮಪ್ಪನ ದಫ್ತರದಲ್ಲೇ ಕೆಡಿಸುತ್ತ ಹತ್ತು ವರ್ಷ ಕಳೆದೆ. ಯಾರೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಯಾರಾದರೂ "ಏನ ಕಾಶವ್ವ, ಲೆಕ್ಕ ಮುಗೀತೇನು?" ಎಂದರೂ ನಾನು ದಫ್ತರ ಮುಚ್ಚಿಬಿಡುತ್ತಿದ್ದೆ.

ಹದಿನಾಲ್ಕನೆಯ ವರ್ಷ ಹೊಸ ಜೋಳ ತಂದವಳು ಚೆಂಬವ್ವ. ಗಾಳಿಕೇರಿಯವಳು, ನನ್ನ ಗೆಳತಿ. ನೀಲಿ ಹೋದ ವಾರ ನನ್ನ ಮನೆಯಲ್ಲಿ ಒಲೆ ಹಚ್ಚಿದ್ದು ಅವಳು. ಗಾಳಿಕೇರಿಯಲ್ಲಿ ಯಾವ ಜೋಳವೂ ಮೂರು ಸೇರು ದಾಟುವುದಿಲ್ಲ. ತೆನೆ ತೂಗಿತೋ ಇಲ್ಲವೋ ಗಾಳಿ ದಂಟು ಮುರಿಯುತ್ತದೆ. ಆ ಕೇರಿಯಲ್ಲಿ ಒಬ್ಬರ ಮೈಮೇಲೂ ಹಿಡಿ ಮಾಂಸವಿಲ್ಲ. ಚೆಂಬವ್ವ ಒಂಬತ್ತು ವರ್ಷದ ಹಿಂದೆ ತನ್ನ ಹೊಲದಲ್ಲಿ ಮುರಿಯದೆ ಕುಕ್ಕರಿಸಿ ಕೂತ ಮೂರು ಗಿಡ ನೋಡಿದಳು. ಅದರ ಕಾಳು ತೆಗೆದಿಟ್ಟು, ಬಿತ್ತಿ, ಮತ್ತೆ ಆರಿಸಿ, ಒಂದು ಜೋಳ ಮಾಡಿದಳು. ಮೊಳಕಾಲೆತ್ತರದ ಗಿಡ, ಬಿಗಿ ತೆನೆ. ಅದಕ್ಕೆ ಗಾಳಿಮಲ್ಲಿ ಎಂದು ಹೆಸರಿಟ್ಟಳು. ಆ ಸುಗ್ಗಿಗೆ ಗಾಳಿಕೇರಿಯ ಖಾನೆಯಲ್ಲಿ ನಾನು ಹದಿಮೂರು ಎಂದು ಬರೆದೆ. ಆ ಖಾನೆಯಲ್ಲಿ ಎರಡಂಕಿ ಬರೆದದ್ದು ಅದೇ ಮೊದಲು.

ಉಳಿದ ಕೇರಿಗಳಲ್ಲಿ ಗಾಳಿಮಲ್ಲಿ ನಾಲ್ಕರ ಆಸುಪಾಸು. ತಗ್ಗಿನಕೇರಿ ಅದನ್ನು ಕಂಡೇ ಇರಲಿಲ್ಲ, ಅಲ್ಲಿಗೆ ಎಮ್ಮೆ ಲೆಕ್ಕದಲ್ಲಿ ಏಳು ಬರೆದೆ. ಎಲ್ಲ ಕೂಡಿಸಿ ಭಾಗಿಸಿದಾಗ ಸರಾಸರಿ ಐದು ಮುಕ್ಕಾಲು ಬಂತು. ಮೂಗುಬೊಟ್ಟಿಗೆ, ನಾನು ಬರೆದ ಹತ್ತೊಂಬತ್ತನ್ನು ಸೇರಿಸಿ, ಆರಕ್ಕೆ ಚೂರೇ ಕಡಿಮೆ. ಉಳಿದ ಹತ್ತೂ ಅವೆರಡಕ್ಕಿಂತ ಮೇಲಿದ್ದವು. ಕಟ್ಟಳೆಯ ಪ್ರಕಾರ ಆ ವರ್ಷ ತಗ್ಗಿನಕೇರಿಯ ಖಾನೆಯಲ್ಲಿ ಬರೆಯಬೇಕಾಗಿದ್ದುದು ಒಂಬತ್ತು. ಒಂಬತ್ತು ಬರೆದಿದ್ದರೆ ಮೂಗುಬೊಟ್ಟು ಐದಕ್ಕೂ ಕೆಳಗೆ ಬೀಳುತ್ತಿತ್ತು, ಗಾಳಿಮಲ್ಲಿಗೆ ಹಗೇವು ಸಿಗುತ್ತಿತ್ತು.

ತೂಕದ ದಿನ ಊರೆಲ್ಲ ಚಾವಡಿಯಲ್ಲಿ ಸೇರಿತ್ತು. ನಾನು ಸರಾಸರಿಗಳನ್ನು ಓದಿದೆ. ಕಡೆಯದು ಗಾಳಿಮಲ್ಲಿ ಎಂದಾಗ ಗಾಳಿಕೇರಿಯವರು ಕೂತಲ್ಲಿಂದ ಒಂದು ಉಸಿರು ಕೇಳಿತು, ಅಷ್ಟೇ. ಅಡಿವೆಪ್ಪನವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟರು.

"ನೋಡ್ರಿ, ಲೆಕ್ಕ ಅಂದ್ರ ಲೆಕ್ಕ. ಹಂಗಂತ ಗಾಳಿಕೇರಿಯವರ ಹೊಟ್ಟಿ ಹೊಟ್ಟಿ ಅಲ್ಲ ಅಂತ ನಾ ಅನ್ನೂದಿಲ್ಲ. ಆದ್ರ ಲೆಕ್ಕ ಅಂತೂ ಲೆಕ್ಕನ."

ಚೆಂಬವ್ವ ತನ್ನ ಬೀಜದ ಗಂಟನ್ನು ಬೀಸಲು ಕೊಡಬೇಕಿತ್ತು. ಎದ್ದು ಬಂದಳು. ನನ್ನ ಮುಖ ನೋಡಿದಳು. ನಾನು ಅವಳಿಗಾಗಿ ಮರುಗುತ್ತಿದ್ದೇನೆಂದು ತಿಳಿದಳೋ ಏನೋ, ಬಗ್ಗಿ ನನಗಷ್ಟೇ ಕೇಳುವಂತೆ ಅಂದಳು.

"ಇರ್ಲಿ ಬಿಡ ಕಾಶವ್ವ. ನೀ ಏನ ಮಾಡ್ತಿ? ನಿಮ್ಮ ನೀಲಿ ಬಂದಾಗ ಆಕಿಗೂ ಉಣ್ಣಾಕ ಬೇಕಲ್ಲ. ನಮ್ಮದೇನು, ನಾವು ಗಾಳಿ ಕುಡದು ಬೆಳದವ್ರು."

ಅವಳು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅತ್ತಿದ್ದರೂ ಸುಮ್ಮನಿರುತ್ತಿದ್ದೆನೇನೋ, ಅಷ್ಟು ಗಟ್ಟಿಯಾಗಿದ್ದೆ. ಈ ಮಾತು ಮಾತ್ರ ತಡೆಯಲಾಗಲಿಲ್ಲ. ಗಂಟಿನ ಮೇಲಿದ್ದ ಅವಳ ಕೈ ಹಿಡಿದುಕೊಂಡು ಎದ್ದು ನಿಂತೆ.

"ಬೀಸಬ್ಯಾಡ್ರಿ," ಎಂದೆ. "ಲೆಕ್ಕ ತಪ್ಪೈತಿ. ತಪ್ಪಿಸಿದಾಕಿ ನಾನು."

"ಎಷ್ಟು ತಪ್ಪೈತಿ?" ಎಂದರು ಅಡಿವೆಪ್ಪನವರು.

"ಈ ವರ್ಷ ಹತ್ತು ಸೇರು ಹೆಚ್ಚಿಗಿ ಬರದೀನಿ. ಒಂಬತ್ತು ಇರಬೇಕಾಗಿತ್ತು."

"ಈ ವರ್ಷ ಅಷ್ಟನ?"

"ಹತ್ತು ವರ್ಷದಿಂದ."

ಈ ಗಂಟಿಗಿಂತ ಮುಂಚೆ ಕಡೆಯ ಸಾಲಿಗೆ ಬಿದ್ದು ಬೀಸಿ ತಿಂದ ಒಂಬತ್ತು ಜೋಳಗಳನ್ನು ಎಲ್ಲರೂ ಮನಸ್ಸಿನಲ್ಲಿ ಎಣಿಸುತ್ತಿದ್ದರು. ನಾನು ಊರಿನ ಮುಂದೆ ಕೈಮುಗಿದು, ಮಗಳ ಆಸೆಗೆ ಹೀಗೆ ಮಾಡಿದೆ, ಹೆಚ್ಚು ಬರೆದೆ, ತಪ್ಪಾಯಿತು ಎಂದೆ. ಯಾರೂ ನನ್ನನ್ನು ಹೊಡೆಯಲಿಲ್ಲ, ಉಗಿಯಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು. ಕಲ್ಲಕೇರಿಯ ಒಬ್ಬ ಮುದುಕ, ತಾಯಿ ಕರುಳು ಬರೆಯುವ ಖಾನೆಯಲ್ಲಿ ಸುಳ್ಳು ಬಾರದೆ ಇನ್ನೇನು ಬಂದೀತು, ಖಾನೆಯನ್ನೇ ತೆಗೆಯಿರಿ ಎಂದ. ಹದಿನಾಲ್ಕು ವರ್ಷ ಕಾದೆವು, ಸಾಕು ಎಂದು ಇನ್ನೊಬ್ಬರು ಅಂದರು. ಅನ್ನುವವರ ಪೈಕಿ ತಗ್ಗಿನಕೇರಿಯಲ್ಲಿ ಅಕ್ಕತಂಗಿಯರನ್ನು ಬಿಟ್ಟವರೂ ಇದ್ದರು. ಅಡಿವೆಪ್ಪನವರು ಈ ಸಲ ದೀಪವನ್ನು ಗೋಡೆಯ ಮೇಲಿಡಲಿಲ್ಲ. ದಫ್ತರವನ್ನು ನನ್ನ ಕಡೆ ತಿರುಗಿಸಿದರು.

"ಗೆರಿ ಎಳಿ, ಕಾಶವ್ವ."

ಎಳೆದೆ. ಮೇಲಿಂದ ಕೆಳಗಿನವರೆಗೆ ಒಂದು ಗೆರೆ. ಮೂಗುಬೊಟ್ಟಿನ ಹಗೇವು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅದರ ಹಿಟ್ಟಾಯಿತು, ರೊಟ್ಟಿಯಾಯಿತು. ನನ್ನ ಪಾಲಿನ ಅರ್ಧ ರೊಟ್ಟಿಯನ್ನು ಬಾಯಿಗಿ‌ಟ್ಟುಕೊಂಡೆ, ತಿರುಗಿ ತೆಗೆದು ಮಡಿಲಲ್ಲಿಟ್ಟೆ. ಪಕ್ಕದಲ್ಲಿ ಕೂತ ಚೆಂಬವ್ವನೂ ತನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಖಾಲಿಯಾದ ಹಗೇವಿಗೆ ಅವಳ ಗಾಳಿಮಲ್ಲಿ ಹೋಯಿತು. ಅವಳಿಗಾಗಿ ನನಗೆ ನಿಜವಾಗಿ ಸಂತೋಷವಾಗಿತ್ತು. ಅದೇ ಹೊತ್ತಿನಲ್ಲಿ ಎದೆ ಒಡೆದೂ ಹೋಗಿತ್ತು. ಎರಡೂ ಒಟ್ಟಿಗೆ ಆಗುತ್ತವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ತಿಂಗಳು ತಗ್ಗಿನಕೇರಿಯವರ ನೆಂಟರೆಲ್ಲ ತಮ್ಮ ತಮ್ಮವರು ಸತ್ತರೆಂದು ದಿನ ಮಾಡಿ ಮುಗಿಸಿದರು. ನಾನು ಮಾಡಲಿಲ್ಲ. ಮಾಡು ಎಂದು ಯಾರೂ ಒತ್ತಾಯಿಸಲೂ ಇಲ್ಲ. ದಫ್ತರ ಬರೆಯುವ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳಲಿಲ್ಲ. ತಪ್ಪು ಒಪ್ಪಿಕೊಂಡವಳು ಮತ್ತೆ ತಪ್ಪಲಾರಳು ಎಂದರೋ, ಬೇರೆ ಯಾರಿಗೂ ಭಾಗಾಕಾರ ಬರುತ್ತಿರಲಿಲ್ಲವೋ. ಮರುವರ್ಷದ ಸುಗ್ಗಿಗೆ ಹೊಸ ಪುಟದಲ್ಲಿ ಆರು ಖಾನೆ ಗೀಚಿದೆ. ಏಳು ಖಾನೆ ಹಿಡಿಸುತ್ತಿದ್ದ ಹಾಳೆಯಲ್ಲಿ ಆರೇ ಖಾನೆ ಹಾಕಿದಾಗ ಒಂದೊಂದೂ ಚೂರು ಅಗಲವಾಯಿತು, ಅಂಕಿ ಬರೆಯಲು ಸಲೀಸಾಯಿತು. ಗಾಳಿಕೇರಿಯಲ್ಲಿ ಆ ವರ್ಷ ಜನ ಹೊಟ್ಟೆತುಂಬ ಉಂಡರು. ಕೊನೆಯ ಪುಟದಲ್ಲಿ ನೀಲಿಯ ಎತ್ತರ ಬರೆಯುವುದೂ ನಿಂತಿತು. ಇಪ್ಪತ್ತೊಂದರ ಮೇಲೆ ಹುಡುಗಿಯರು ಬೆಳೆಯುವುದಿಲ್ಲ, ಅಳೆಯಲು ಏನೂ ಉಳಿದಿರಲಿಲ್ಲ.

ಅದಾಗಿ ಬಿತ್ತನೆಯ ಹೊತ್ತು. ನಾನು ಚಾವಡಿಯಲ್ಲಿ ಬೀಜ ಅಳೆಯುತ್ತಿದ್ದೆ. ಚೆಂಬವ್ವ ಹೊರಗಿನಿಂದ ಓಡಿ ಬಂದವಳು ಕಂಬ ಹಿಡಿದು ನಿಂತಳು.

"ಏನಾತಽ?" ಎಂದೆ.

"ತಿರುವು ಬಂದೈತಿ," ಎಂದಳು. "ಮಳಿಕೇರಿ ದಾಟಿದ ಕೂಡಲೆ, ಎಡಕ್ಕ."

ನಾನು ಎದ್ದೆ. ಬೀಜ ಅಳೆಯುವ ಸೇರು ಇನ್ನೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ಚಾವಡಿಯ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಚೌಕಟ್ಟಿಗೆ ತಾಗದಂತೆ ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು, ಅಷ್ಟು ಎತ್ತರ. ಕಂಕುಳಲ್ಲಿ ಒಂದು ದಫ್ತರ, ಕೈಯಲ್ಲಿ ಗಂಟು. ನಾನು ಕೊನೆಯ ಪುಟದಲ್ಲಿ ಬರೆದುಕೊಂಡ ಹುಡುಗಿ ಇವಳ ಭುಜಕ್ಕೆ ಬರುತ್ತಿದ್ದಳು. ಇವಳು ಯಾರೋ ದಫ್ತರದ ಕೆಲಸಕ್ಕೆ ಬಂದವಳೆಂದು ತಿಳಿದು, ಇವಳ ಹಿಂದೆ ಬೇರೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಹಣುಕಿ ನೋಡಿದೆ. ಅವಳು ನನ್ನನ್ನೇ ತಲೆಯಿಂದ ಕಾಲಿನವರೆಗೆ ನೋಡಿದಳು.

"ನಾ ಬರಕೊಂಡಿದ್ದಕ್ಕಿಂತ ಸಣ್ಣಾಕಿ ಆಗೀಯಲ್ಲವ್ವ," ಎಂದಳು. ಎಂದು ನಕ್ಕಳು. ಮೂಗು ಮುದುರಲಿಲ್ಲ. ತಲೆಯನ್ನು ಹಿಂದಕ್ಕೆ ಹಾಕಿ, ಗಂಡಸರಂತೆ ನಕ್ಕಳು. ಯಾವ ಲೆಕ್ಕದಿಂದಲೂ ನನಗೆ ಆ ನಗು ಸಿಗುತ್ತಿರಲಿಲ್ಲ.

ಎಷ್ಟು ಹೊತ್ತು ಅವಳನ್ನು ತಬ್ಬಿ ಕೂತಿದ್ದೆನೋ. ಅವಳ ಕೈ ಒರಟಾಗಿತ್ತು. ಆಮೇಲೆ ಅಷ್ಟು ವರ್ಷ ಕೇಳಬೇಕೆಂದುಕೊಂಡದ್ದನ್ನು ಕೇಳಿದೆ. "ಅಲ್ಲಿ ಹೆಂಗಿದ್ರಿ ಯವ್ವಾ? ಹೋದಲ್ಲಿ?"

"ಎಲ್ಲಿ ಹೋಗಿದ್ವಿ? ನಾವು ಇದ್ದಲ್ಲೇ ಇದ್ವಿ," ಎಂದಳು ನೀಲಿ. "ಹೋಗಿದ್ದು ನೀವು. ಆರೂ ಕೇರಿ, ಒಂದ ಮುಂಜಾನಿ."

ಅತ್ತೆ ಅವಳಿಗೆ ಲೆಕ್ಕ ಕಲಿಸಿದ್ದಳಂತೆ. ಪರೀಕ್ಷೆಯ ಹೊಲದಲ್ಲಿ ನಿಂತಿದ್ದ ಎಲ್ಲ ಜೋಳವನ್ನೂ ಕೊಯ್ದು, ಬಾನಿಗಳಲ್ಲಿಟ್ಟು, ಹನ್ನೆರಡು ತುಂಬಿದಾಗಿನಿಂದ ನೀಲಿಯೇ ದಫ್ತರ ಬರೆಯುತ್ತ ಬಂದಿದ್ದಳು. ನಮ್ಮ ಕೇರಿಗಳ ಜೋಳ ಅಲ್ಲಿ ಹಿಡಿಯಷ್ಟು ಬರುತ್ತಿತ್ತು. ಅದನ್ನೇ ತೆಗೆದಿಟ್ಟು ಮರುವರ್ಷ ಬಿತ್ತುತ್ತಿದ್ದರು, ಬಂದಾಗ ನಿಮಗೆ ಬೇಕಲ್ಲ ಎಂದು. ಗಂಟು ಬಿಚ್ಚಿ ತೋರಿಸಿದಳು. ಸಣ್ಣ ಸಣ್ಣ ಪೊಟ್ಟಣಗಳು, ಒಂದೊಂದರ ಮೇಲೂ ನಮ್ಮ ಕೇರಿಗಳ ಹೆಸರು.

"ಗಾಳಿಕೇರಿಗೆ ಏನ ಬರದಿದ್ದಿ?" ಎಂದು ಚೆಂಬವ್ವ ಕುತೂಹಲಕ್ಕೆ ಕೇಳಿದಳು.

ನೀಲಿ ತನ್ನ ದಫ್ತರ ತಿರುವಿದಳು. "ಹೋದ ವರ್ಷ ಎಂಟು."

"ಎಂಟಽ!" ಚೆಂಬವ್ವ ಹಣೆ ಬಡಿದುಕೊಂಡು ನಕ್ಕಳು. "ಹಿಂದಿನ ಜೋಳಕ್ಕ ಎಂಟು ಬಂದಿದ್ರ ನಾ ಹಿಂಗ ಸೊರಗತಿದ್ನೇನವಾ! ಯಾವ ಲೆಕ್ಕ ಅದು?"

"ನಿಮ್ಮ ಹಳೇ ಅಂಕಿ ನಿಮ್ಮ ದಫ್ತರದಾಗ ಉಳದಿದ್ವು. ಎಮ್ಮಿ ಲೆಕ್ಕದಾಗ ಐದ ಬರ್ತಿತ್ತು," ಎಂದಳು ನೀಲಿ, ಸ್ವಲ್ಪ ನಾಚಿ. "ನೀವು ಹಸಗೊಂಡೀರಿ ಅಂತ ಬರಿಯಾಕ ಕೈ ಬರಲಿಲ್ಲ. ಮೂರು ಹೆಚ್ಚಿಗಿ ಹಾಕ್ತಿದ್ದೆ."

ಚೆಂಬವ್ವ ನಗುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಈಗ ನಿಮ್ಮ ದಫ್ತರ ತಗಿಯವ್ವ," ಎಂದಳು ನೀಲಿ. "ನಮ್ಮ ಖಾನಿಯೊಳಗ ನೀ ಅಂದಾಜು ಬರದಿರಬೇಕಲ್ಲ. ಖರೇ ಅಂಕಿ ನಾ ಹೇಳ್ತೀನಿ, ನೀ ತಿದ್ದಕೋತ ಹೋಗು."

ಬೇಡ, ಮೊದಲು ಊಟ ಮಾಡು ಎಂದೆ. ಊಟ ಆಮೇಲೆ ಎಂದಳು. ಈ ಹಟ ಮಾತ್ರ ನಮ್ಮಪ್ಪನದು. ನಾನು ದಫ್ತರವನ್ನು ತೊಡೆಯ ಮೇಲಿಟ್ಟುಕೊಂಡು, ಹಾಳೆ ನನಗಷ್ಟೇ ಕಾಣುವಂತೆ ಹಿಡಿದು ಮೊದಲ ವರ್ಷದ ಪುಟ ತೆಗೆದೆ. ಚೆಂಬವ್ವ ಎದ್ದು ಹೋಗಬೇಕೆಂದವಳು ಹೋಗದೆ ಕಂಬಕ್ಕೆ ಒರಗಿದಳು.

"ಮೂಗುಬೊಟ್ಟು, ಒಂದನೇ ವರ್ಷ," ಎಂದಳು ನೀಲಿ. "ಇಪ್ಪತ್ತಮೂರು." ನಾನು ಇಪ್ಪತ್ತೆರಡು ಬರೆದಿದ್ದೆ. ಹೊಡೆದು ತಿದ್ದಿದೆ. ಎರಡನೆಯ ವರ್ಷ ಇಪ್ಪತ್ತನಾಲ್ಕು. ನಾಲ್ಕನೆಯ ವರ್ಷವೂ ಇಪ್ಪತ್ತನಾಲ್ಕು. ಐದನೆಯ ವರ್ಷದ ಪುಟಕ್ಕೆ ಬಂದೆ. ನನ್ನ ಮೊದಲ ಸುಳ್ಳು ಅಲ್ಲಿತ್ತು, ಹತ್ತೊಂಬತ್ತು, ದುಂಡಗಿನ ಅಕ್ಷರದಲ್ಲಿ.

"ಇಪ್ಪತ್ತಾರು," ಎಂದಳು ನೀಲಿ.

ನಾನು ತಲೆಯೆತ್ತಿ ಅವಳನ್ನು ನೋಡಿದೆ. "ಇನ್ನೊಂದ ಸಲ ನೋಡು."

"ಇಪ್ಪತ್ತಾರವ್ವ. ನಾವ ತೂಗಿದ್ದು. ಆರನೇ ವರ್ಷ ಇಪ್ಪತ್ತೈದು. ಏಳನೇದು ಇಪ್ಪತ್ತೇಳು."

ಒಂದೊಂದೇ ತಿದ್ದುತ್ತ ಹೋದೆ. ಹತ್ತು ವರ್ಷದ ಹತ್ತು ಸುಳ್ಳುಗಳ ಪಕ್ಕದಲ್ಲಿ ಹತ್ತು ನಿಜಗಳು ಕೂತವು. ಒಂದು ನಿಜವೂ ಸುಳ್ಳಿಗಿಂತ ಸಣ್ಣದಿರಲಿಲ್ಲ. ಹದಿನಾಲ್ಕನೆಯ ವರ್ಷ, ಚಾವಡಿಯ ಮುಂದೆ ಹತ್ತು ಸೇರು ಹೆಚ್ಚು ಬರೆದೆನೆಂದು ನಾನು ಕೈಮುಗಿದ ವರ್ಷ, ಮೂಗುಬೊಟ್ಟು ಇಪ್ಪತ್ತೆಂಟು ಕೊಟ್ಟಿತ್ತು. ಇಪ್ಪತ್ತೆಂಟು ಬರೆದಿದ್ದರೆ ಅದು ಕಡೆಯ ಸಾಲಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಗಳ ಮೇಲಿನ ಆಸೆಯಿಂದ ಬರೆದೆ ಎಂದಿದ್ದೆ. ನನ್ನ ಆಸೆಯೂ ಕಡಿಮೆ ಬಿದ್ದಿತ್ತು.

"ಹದಿನೈದನೇ ವರ್ಷ," ಎಂದಳು ನೀಲಿ. "ಇಪ್ಪತ್ತೊಂಬತ್ತು."

ನಾನು ಪುಟ ತಿರುವಲಿಲ್ಲ. ಅವಳು ಕಾದಳು. ಚೆಂಬವ್ವ ಕಂಬದ ಹತ್ತಿರದಿಂದ "ನೀಲವ್ವ, ಏಳವಾ, ಕೈಕಾಲು ತೊಳಕೋ" ಎಂದಳು. ನೀಲಿ ಏಳಲಿಲ್ಲ. ಕೈ ಚಾಚಿ ದಫ್ತರವನ್ನು ತನ್ನ ಕಡೆ ಎಳೆದುಕೊಂಡು ತಾನೇ ಪುಟ ತಿರುವಿದಳು. ತಲೆಯ ಮೇಲಿನ ಹೆಸರುಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದಳು: ಮಳೆಕೇರಿ, ಬಿಸಿಲಕೇರಿ, ಗಾಳಿಕೇರಿ, ಮಬ್ಬಿನಕೇರಿ, ಇಬ್ಬನಿಕೇರಿ, ಕಲ್ಲಕೇರಿ. ಅವಳ ಬೆರಳು ಇನ್ನೂ ಮುಂದಕ್ಕೆ ಹೋಗಿ ಹಾಳೆಯ ಅಂಚಿನಲ್ಲಿ ನಿಂತಿತು.

"ಇಪ್ಪತ್ತೊಂಬತ್ತವ್ವ," ಎಂದಳು ಮತ್ತೊಮ್ಮೆ, ನನಗೆ ಸರಿಯಾಗಿ ಕೇಳಿಸಿರಲಿಲ್ಲವೇನೋ ಎಂಬಂತೆ.